ಅಜ್ಜಿ ತಾನೇ ಹತ್ತಿ ಕೂತ ಕಾರು

ಅಪ್ಪಾ,

ಅಜ್ಜಿಯನ್ನು ಕರೆದುಕೊಂಡು ಬಾಗೇವಾಡಿಗೆ, ಅವಳ ತಂಗಿಯ ಮನೆಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೋ. ಎಮ್ಮೆಗೆ ನೀರು ಕುಡಿಸಿದ್ದೇನೆ.

ಸಿದ್ದಾರೂಢ ಕಾಕಾ ತನ್ನ ದೊಡ್ಡ ಗಾಡಿ ತಂದರೆ ಚಹಾ ಕೊಟ್ಟು ಕಳಿಸು. ನಿನ್ನೆ ನಮ್ಮ ಹೊಸ ಕಾರಿನ ಸುತ್ತ ತಿರುಗಿ ಏನೆಂದ? "ಇದೇನ್ ಕಾರೋ, ಕಡ್ಡಿಪೆಟಗಿನೋ? ಡಿಕ್ಕಿಯೊಳಗ ಒಂದ್ ಚೀಲ ಜ್ವಾಳ ಹಿಡಿಯಂಗಿಲ್ಲ." ನೀನು ತಲೆ ತಗ್ಗಿಸಿ ನಿಂತೆ. ನನಗೆ ಸಿಟ್ಟು ಬಂದಿದ್ದು ನಿನ್ನ ಮೇಲೆ.

ಒಪ್ಪಿದೆ, ಅವನದರಲ್ಲಿ ಜಾಗ ಹೆಚ್ಚು, ಏಸಿ ಜೋರು, ಹಾಡು ಹಾಕುವ ಪರದೆಯೂ ದೊಡ್ಡದು. ಆದರೆ ಮನಗೂಳಿ ಊರಿನ ಮದುವೆಯ ದಿನ ಅಜ್ಜಿಯನ್ನು ಅದರೊಳಗೆ ಕೂರಿಸಲು ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತು. ಜನರೆಲ್ಲ ನೋಡುತ್ತಿದ್ದರು. ಅಂದಿನಿಂದ ಅವಳು ಎಲ್ಲಿಗೂ ಬರಲೊಲ್ಲೆ ಎಂದು ಕೂತಿದ್ದಳು.

ಇವತ್ತು ಯಾರ ಕೈಯನ್ನೂ ಹಿಡಿಯಲಿಲ್ಲ. ನಮ್ಮ ಕಾರಿನ ಸೀಟು ಅವಳು ಮಲಗುವ ಹೊರಸಿನಷ್ಟೇ ಎತ್ತರ. ನಿರಿಗೆ ಹಿಡಿದು ಕುಳಿತು, ಬಾಗಿಲನ್ನೂ ತಾನೇ ಎಳೆದುಕೊಂಡಳು.

ಕಾಕಾನಿಗೆ ಇದನ್ನು ತಲೆ ಎತ್ತಿ ಹೇಳು. ಇನ್ನು ಬರೆಯಲು ಅವಳು ಬಿಡುತ್ತಿಲ್ಲ, ಹಾರ್ನ್ ಒತ್ತಿ ಒತ್ತಿ ಕೂಗುತ್ತಿದ್ದಾಳೆ: "ಐಶ್ವರ್ಯಾ, ಲಗೂ ಬರ್ತಿಯೋ, ಏನ್ ನಾನ ಹೊಡ್ಕೊಂಡ್ ಹೋಗ್ಲಿ?"