ಹಿತ್ತಿಲ ಕಿಟಕಿಯ ಕಾಫಿ

ಪಲ್ಲಾವರಂ, ಚೆನ್ನೈ
14-9-2024

ಪ್ರೀತಿಯ ಅಣ್ಣಯ್ಯನಿಗೆ ತಂಗಿ ಕಲಾವತಿಯ ನಮಸ್ಕಾರ.

ನೀನು ಬರೆದದ್ದನ್ನು ವಾಟ್ಸಾಪಿನಲ್ಲಿ ಕಳಿಸಿ ಹತ್ತಿರ ಹತ್ತಿರ ತಿಂಗಳಾಯಿತು. 'ಓದಿದ್ಯಾ, ಓದಿದ್ಯಾ' ಅಂತ ಎಷ್ಟೋ ಸಲ ಕೇಳಿದೆ, ನಾನು ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾದೆ. ಬೈಕೋಬೇಡ. ಫೋನ್ ಮಾಡಬಹುದಿತ್ತು, ಆದರೆ ನೀನು ನನ್ನ ಮಾತು ಮುಗಿಸೋಕೆ ಎಲ್ಲಿ ಬಿಡ್ತೀಯ? ಕಾಗದವಾದರೆ ನಡುವೆ ಬಾಯಿ ಹಾಕೋಕಾಗಲ್ಲ.

ಓದಿದೆ ಅಣ್ಣಯ್ಯ. ಪುರಸಭೆಯ ಪುಸ್ತಕಕ್ಕೆ ನಮ್ಮೂರ ಮೊದಮೊದಲ ಹೋಟೆಲುಗಳ ಕಥೆ ಚೆನ್ನಾಗಿಯೇ ಬರೆದಿದ್ದೀಯ. ಅವಲಕ್ಕಿ ಕಟ್ಟಿಕೊಂಡು ಬಂದು ಛತ್ರದಲ್ಲಿ ತಿನ್ನುತ್ತಿದ್ದ ಜನಕ್ಕೆ ನಮ್ಮ ತಾತ ಬಸ್ ಸ್ಟ್ಯಾಂಡ್ ಪಕ್ಕ ಕಾಫಿ ಕ್ಲಬ್ ತೆರೆದದ್ದು, 'ಹೋಟೆಲಲ್ಲಿ ತಿಂದವನಿಗೆ ಹೆಣ್ಣು ಕೊಡಲ್ಲ' ಅಂತ ಅಗ್ರಹಾರದವರು ಕೂಗಾಡಿ, ಆಮೇಲೆ ಅವರೇ ತಲೆಗೆ ಮುಸುಕು ಹಾಕಿಕೊಂಡು ಮಸಾಲೆ ದೋಸೆಗೆ ಬಂದದ್ದು. ನಮ್ಮ ಯಜಮಾನರು ಓದಿ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಹಿತ್ತಿಲ ಕಿಟಕಿಯ ಮಾತೇ ಅದರಲ್ಲಿಲ್ಲ.

ನಮ್ಮ ಪಾವನಾ ಮದುವೆ ಆಗ್ತೀನಿ ಅಂತಿರೋ ತೇಜಸ್, ಅವಳ ಪೆರುಂಗುಡಿ ಆಫೀಸಿನ ಹುಡುಗ, ನಮ್ಮೂರ ಕಡೆಯವನೇ ಅಂದಿದ್ದೆನಲ್ಲ. ಅವನ ಅಜ್ಜಿ ಸಾಕಮ್ಮ ಊರಾಚೆ ಕೇರಿಯವರು. ಹೋದ ಭಾನುವಾರ ಮನೆಗೆ ಬಂದರು. ಬೆಳಗಿನಿಂದ ನನಗೆ ಒಂದೇ ಯೋಚನೆ. ನಾವು ಯಾರ ಮನೆಯವರು ಅಂತ ಗೊತ್ತಾಗಿ ಎದ್ದು ಹೋಗಿಬಿಟ್ಟರೆ? ಮರ್ಯಾದೆಯಲ್ಲಿ ಒಂಚೂರೂ ಕಮ್ಮಿಯಾಗಬಾರದು ಅಂತ ಬೀರುವಿನಿಂದ ಬೆಳ್ಳಿ ಲೋಟ ತೆಗೆದು ಅವರಿಗೆ ಕಾಫಿ ಕೊಟ್ಟೆ. ನಾವು ಎಂದಿನ ಸ್ಟೀಲ್ ಲೋಟದಲ್ಲಿ ಕುಡಿಯುತ್ತಾ ಕೂತೆವು.

ಸಾಕಮ್ಮ ಲೋಟ ಮುಟ್ಟಲಿಲ್ಲ. ನಮ್ಮ ಕೈಲಿದ್ದದ್ದನ್ನು ನೋಡಿದರು, ತಮ್ಮ ಮುಂದಿದ್ದದ್ದನ್ನು ನೋಡಿದರು. "ಇಲ್ಲೂ ನಮ್ಗೆ ಬ್ಯಾರೆ ಲೋಟಾನೇನವ್ವ?" ಅಂದರು.

ಅಯ್ಯೋ, ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. "ಬೆಳ್ಳೀದು, ನಿಮಗೆ ಅಂತಲೇ..." ಅಂತ ತೊದಲಿದೆ. ಅವರು ಕೂಗಾಡಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಕಾಫಿ ಕ್ಲಬ್ಬಿನ ಹಿಂದೆ ನಿಲ್ಲುತ್ತಿದ್ದರಂತೆ. ಗೋಡೆಯ ಮೊಳೆಗೆ ನೇತು ಹಾಕಿದ್ದ ತಗಡಿನ ಲೋಟ ತಾವೇ ತೊಳೆದು ಹಿಡಿಯಬೇಕು, ಒಳಗಿನವರು ಕಿಟಕಿಯಿಂದ ಎತ್ತರಕ್ಕೆ ಎತ್ತಿ ಸುರಿಯುತ್ತಿದ್ದರಂತೆ. ಬಿಸಿ ಕಾಫಿ ಕೈಮೇಲೆ ಬಿದ್ದರೂ ಅವರಪ್ಪ ಲೋಟ ಬಿಡುತ್ತಿರಲಿಲ್ಲವಂತೆ. ಆ ಮನೆಯ ಮೊಮ್ಮಗಳು ನಾನೇ ಅಂತ ಬಾಯಿ ತೆರೆಯುವ ಮೊದಲೇ, "ಗೊತ್ತು ಕಣವ್ವ, ನಿನ್ ಮಗಳೇ ಹೇಳವ್ಳೆ. ನಿಮ್ಮಣ್ಣಾರು ಹೋಟ್ಲು ಕಥೆ ಬರೀತಾವ್ರಂತೆ. ಪುಸ್ತಕ ಬರ್ಲಿ, ತೇಜು ಕೈಲಿ ಓದಿಸ್ಕೋತೀನಿ. ಆಮ್ಯಾಕೆ ಹೂ ಮುಡ್ಸೋ ಮಾತು" ಅಂದು ಎದ್ದರು. ಕಾಫಿ ಹಾಗೇ ಆರಿಹೋಯಿತು.

ಅವತ್ತಿಂದ ತಲೆ ಮೇಲೆ ವಿಮಾನ ಹೋದರೂ ಬೆಚ್ಚಿ ಬೀಳ್ತೀನಿ, ಏರ್‌ಪೋರ್ಟ್ ಪಕ್ಕದಲ್ಲೇ ಇದ್ದೂ ಇಷ್ಟು ವರ್ಷ ಅದರ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ಇವರು 'ಬಿಪಿ ನೋಡಿಸು' ಅಂತಾರೆ. ಅಣ್ಣಯ್ಯ, ಆ ಕಿಟಕಿಯ ವಿಷಯ ಬರೆದುಬಿಡು. 'ಸತ್ತ ತಾತನ ಮುಖಕ್ಕೆ ಮಸಿ ಬಳೀಬೇಕಾ' ಅಂತ ನೀನು ಗುಡುಗೋದು ಇಲ್ಲಿಗೇ ಕೇಳಿಸ್ತಿದೆ. ನನಗೂ ತಾತ ಅಂದರೆ ಪ್ರಾಣ ಕಣೋ, ತೊಡೆ ಮೇಲೆ ಕೂರಿಸಿಕೊಂಡು ಜಹಾಂಗೀರ್ ತಿನ್ನಿಸಿದವರು. ಆದರೂ ಬರಿ. ಕಾಲಿಗೆ ಬೀಳ್ತೀನಿ, ಬರಿ.

ಅತ್ತಿಗೆಗೆ ನಮಸ್ಕಾರ. ಶ್ರೀನಾಥನಿಗೂ ಅವನ ಮಗುವಿಗೂ ನನ್ನ ಆಶೀರ್ವಾದ, ದೇವರು ತಣ್ಣಗಿಟ್ಟಿರಲಿ. ಮಂಡಿನೋವಿಗೆ ಎಣ್ಣೆ ಹಚ್ಚೋದು ಬಿಡಬೇಡ.

ನಿನ್ನ ತಂಗಿ,
ಕಲಾ

ತಾ.ಕ.: ಇದನ್ನು ಬರೀಬಾರದು ಅಂತಿದ್ದೆ, ತಡೆಯೋಕಾಗ್ತಿಲ್ಲ. ಸಾಕಮ್ಮ ಒಪ್ಪಲಿ ಬಿಡಲಿ, ಪಾವನಾ ರಿಜಿಸ್ಟರ್ ಮದುವೆ ಆಗೇ ಆಗ್ತಾಳಂತೆ. "ಮಾಮ ಬರೀದೇ ಹೋದ್ರೆ ಏನೇ ಮಾಡ್ತೀಯ?" ಅಂತ ನಿನ್ನೆ ಕೇಳಿದೆ. ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು, ಇದನ್ನು ಮಾತ್ರ ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದಳು: "ಹಾಗಾದ್ರೆ ನಮ್ಮ ಮನೆಯವರು ಯಾರೂ ಮದುವೆಗೆ ಬರೋದು ಬೇಡ. ನೀನೂ ಬೇಡ, ಅಮ್ಮಾ."