ದನಿ ಕೇಳಿಸುವವಳ ಕೈಯಿಂದ ಕಸಿದ ಧ್ವನಿವರ್ಧಕ

ಜಪಾನಿನ ಓಜಿಮಾದಲ್ಲಿರುವ ನಮ್ಮ ವಸತಿ ಸಮುಚ್ಚಯದ ಮಾನ್ಯ ವ್ಯವಸ್ಥಾಪಕರೇ,

ನನ್ನ ಹೆಂಡತಿ ಶರ್ವಾಣಿಗೆ ಸ್ಕಿಜೋಫ್ರೇನಿಯಾ ಇದೆ. ನಾನೇ ಎಲ್ಲರೆದುರು ಹೇಳಿಬಿಟ್ಟಿದ್ದೇನೆ. ಇನ್ನು ನೀವು ಪಿಸುಗುಟ್ಟುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಕಾಯಿಲೆಯ ಮೇಲೆ ನನಗೆ ದೂರಿಲ್ಲ, ಅದಕ್ಕೆ ಔಷಧವಿದೆ. ದೂರು ನಿಮ್ಮ ಮೇಲೆ. ಜಪಾನಿ ಭಾಷೆಯಲ್ಲಿ ಕೊಟ್ಟ ಮನವಿಗೆ ನಿಮ್ಮಿಂದ ಸಿಕ್ಕಿದ್ದು ಸೊಂಟ ಬಾಗಿಸಿದ ಒಂದು ನಮಸ್ಕಾರ ಮಾತ್ರ. ಅದಕ್ಕೇ ಈ ಸಲ ಕನ್ನಡದಲ್ಲಿ, ಇಲ್ಲಿನ ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಯಾರಾದರೂ ಅನುವಾದಿಸಿ ಹೇಳಲಿ. ನಮ್ಮವರು ನೇರವಾಗಿಯೇ ಓದಲಿ, ಅವರಿಗೂ ಇದರಲ್ಲಿ ಪಾಲಿದೆ.

ಪ್ರತಿ ವರ್ಷದ ಭೂಕಂಪ ತಾಲೀಮಿನಲ್ಲಿ ಧ್ವನಿವರ್ಧಕ ಹಿಡಿದು, ಭಾರತೀಯ ಕುಟುಂಬಗಳಿಗೆ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿದ್ದವಳು ಶರ್ವಾಣಿ. ಬೆಂಗಳೂರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದವಳು. ಅವಳು ಒಮ್ಮೆ ಕೂಗಿದರೆ ಎಂಥ ತುಂಟ ಮಕ್ಕಳೂ ಸಾಲು ಹಿಡಿಯುತ್ತಿದ್ದವು. ಕಾಯಿಲೆ ಆಗಲೂ ಇತ್ತು, ಮಾತ್ರೆಯೂ ಇತ್ತು. ನಿಮಗೆ ಗೊತ್ತಿರಲಿಲ್ಲ, ಅಷ್ಟೆ. ಈ ವಸಂತದಲ್ಲಿ ಮನೋರೋಗ ಕ್ಲಿನಿಕ್ಕಿನ ಬಾಗಿಲಲ್ಲಿ ಯಾರೋ ಅವಳನ್ನು ಕಂಡರು. ಸುದ್ದಿ ನಿಮ್ಮ ಕಚೇರಿ ಮುಟ್ಟಿತು. ಧ್ವನಿವರ್ಧಕ ಬೇರೆಯವರ ಕೈಗೆ ಹೋಯಿತು.

ಕಾರಣ ಕೇಳಲು ಇಬ್ಬರೂ ಬಂದೆವು. ಮತ್ತೆ ಮತ್ತೆ “ಸುಮಿಮಾಸೆನ್, ಕ್ಷಮಿಸಿ” ಎಂದಿರಿ. ಆಮೇಲೆ, ಇಲ್ಲದ ದನಿ ಕೇಳಿಸುವವರು ಯಾವ ಗಳಿಗೆಯಲ್ಲಿ ಏನು ಮಾಡಿಯಾರೋ, ನಿವಾಸಿಗಳ ನೆಮ್ಮದಿ ಮುಖ್ಯವಲ್ಲವೇ ಎಂದಿರಿ. ಎಲ್ಲವನ್ನೂ ನನ್ನ ಮುಖ ನೋಡಿಕೊಂಡೇ ಹೇಳಿದಿರಿ. ಪಕ್ಕದಲ್ಲಿ ಕೂತಿದ್ದವಳಿಗೆ ನನಗಿಂತ ಚೆನ್ನಾಗಿ ಜಪಾನಿ ಬರುತ್ತದೆ ಸ್ವಾಮಿ! ಹೊರಗೆ ಬಂದ ಮೇಲೆ ಅವಳು ಕೇಳಿದಳು: “ಪದ್ದು, ಅವ್ರು ಒಂದ್ಸಲಾನೂ ನನ್ ಕಡೆ ನೋಡ್ಲಿಲ್ಲ. ನಾನು ಅಲ್ಲಿ ಇದ್ದೆ ತಾನೇ?”

ನಿಮ್ಮ ಕಲ್ಪನೆಯ ರೋಗಿ ಯಾರು? ಒಂದೇ ಮೈಯಲ್ಲಿ ಇಬ್ಬರಿರುವವನೇ? ಚಾಕು ಹಿಡಿದು ಮೆಟ್ಟಿಲಲ್ಲಿ ಕಾಯುವವನೇ? ಈ ಕಾಯಿಲೆಯವರಲ್ಲಿ ಬಹುತೇಕರು ಯಾರಿಗೂ ಕೇಡು ಮಾಡುವುದಿಲ್ಲ. ಕೇಡಿಗೆ ಗುರಿಯಾಗುವುದೇ ಹೆಚ್ಚು. ‘ಮನಸ್ಸು ಸೀಳಿದ ರೋಗ’ ಎಂಬ ಹಳೆಯ ಜಪಾನಿ ಹೆಸರು ಜನರನ್ನು ಹೆದರಿಸುತ್ತದೆಂದು ನಿಮ್ಮ ದೇಶದ ವೈದ್ಯರೇ ಅದನ್ನು ಎಂದೋ ಕೈಬಿಟ್ಟರು. ನಿಮ್ಮ ಕಚೇರಿಗೆ ಆ ಸುದ್ದಿ ಇನ್ನೂ ತಲುಪಿಲ್ಲವೇ? ನಮ್ಮವರೇನೂ ಕಡಿಮೆಯಿಲ್ಲ. ಪಕ್ಕದ ಮನೆಯ ಜಾಹ್ನವಿಯವರು ಹೇಳಿದರು: “ನಮ್ಗೇನೂ ಪ್ರಾಬ್ಲಂ ಇಲ್ಲ ಪದ್ಮನಾಭ್ ಅವ್ರೇ, ಆದ್ರೆ ಮಕ್ಳಿದಾರಲ್ಲ, ರಿಸ್ಕ್ ಯಾಕೆ? ಊರಿಗ್ ಹೋದಾಗ ಒಂದ್ಸಲ ದೇವಸ್ಥಾನದಲ್ಲಿ ತೋರ್ಸಿ.” ನಿಮ್ಮ ಸಿನಿಮಾ ಕೊಲೆಗಾರನೂ ಅವರ ದೆವ್ವವೂ ಒಂದೇ ಲಿಫ್ಟಿನಲ್ಲಿ ಓಡಾಡುತ್ತಿರುವಂತಿದೆ.

ತಾಲೀಮಿನ ದಿನ ಶರ್ವಾಣಿ ಎಲ್ಲರಂತೆ ಕೆಳಗಿಳಿದಳು. ಘೋಷಣೆಯೆಲ್ಲ ಜಪಾನಿಯಲ್ಲೇ ಇತ್ತು. ನಮ್ಮವರು ಕಂಗಾಲಾಗಿ ನಿಂತಿದ್ದರು. ಜಾಹ್ನವಿಯವರ ಪುಟ್ಟ ಮಗಳು ದೀಕ್ಷಾ ರೂಢಿಯಂತೆ ಇವಳ ಹತ್ತಿರವೇ ಓಡಿಬಂದು, “ಆಂಟಿ, ವಿಚ್ ವೇ?” ಎಂದಳು. ಇವಳು ಕೈಯೆತ್ತಿ ತೋರಿಸುವಷ್ಟರಲ್ಲಿ ತಾಯಿ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡರು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಶರ್ವಾಣಿ ಕೂದಲು ಸರಿಮಾಡಿಕೊಂಡಳು.

ಅಂದಿನಿಂದ ಕ್ಲಿನಿಕ್ಕಿಗೆ ಹೋಗುವುದನ್ನು ಬಿಟ್ಟಳು. “ಅಲ್ಲಿಗೆ ಹೋದ್ರೆ ತಾನೇ ಜನ ನೋಡೋದು?” ಮಾತ್ರೆ ನಿಂತಿತು. ನಿದ್ದೆ ಹೋಯಿತು. ದನಿಗಳು ಮರಳಿದವು. ಮಳೆಗಾಲವಿಡೀ ಆಸ್ಪತ್ರೆಯಲ್ಲಿ ಕಳೆದಳು. ಈ ಸಲ ಆ ದನಿಗಳು ಏನು ಹೇಳುತ್ತಿದ್ದವು ಗೊತ್ತೇ? “ಮಕ್ಕಳಿಂದ ದೂರ ಇರು.” ಅವಕ್ಕೆ ಈ ಮಾತು ಕಲಿಸಿಕೊಟ್ಟವರು ಯಾರು, ಮಾನ್ಯರೇ?

ಈಗ ಮನೆಗೆ ಬಂದಿದ್ದಾಳೆ. ಮಾತ್ರೆ ತಪ್ಪುತ್ತಿಲ್ಲ. ಅಡುಗೆ ಮಾಡುವಾಗ ಮತ್ತೆ ನನ್ನನ್ನು ಗದರುತ್ತಿದ್ದಾಳೆ. ಅದರಷ್ಟು ಸಮಾಧಾನ ಬೇರೊಂದಿಲ್ಲ.

ನನ್ನ ಒತ್ತಾಯ ಇಷ್ಟು. ಮುಂದಿನ ನಿವಾಸಿಗಳ ಸಭೆಗೆ ಒಬ್ಬ ಮನೋವೈದ್ಯರನ್ನು ಕರೆಸಿ, ಈ ಕಾಯಿಲೆ ಏನು, ಏನಲ್ಲ ಎಂದು ಹೇಳಿಸಿ. ಮೊದಲ ಸಾಲಿನಲ್ಲಿ ನೀವೇ ಕೂತು ಕೇಳಿ. ಆಮೇಲೆ ಎಲ್ಲರೆದುರು ಶರ್ವಾಣಿಯ ಕ್ಷಮೆ ಕೇಳಿ, ನನ್ನದಲ್ಲ, ಅವಳದು. ಕೆಲಸವನ್ನು ಮರಳಿ ಕೊಡಿ. ಬೇಡವೆನ್ನುವ ಹಕ್ಕು ಅವಳಿಗಿದೆ, ಕೊಡದಿರುವ ಹಕ್ಕು ನಿಮಗಿಲ್ಲ.

ಅಚ್ಚಿಗೆ ಕೊಡುವ ಮುನ್ನ ಇದನ್ನು ಅವಳಿಗೆ ಓದಿ ಹೇಳಿ, ಹೆಸರು ಬದಲಿಸಲೇ ಎಂದು ಕೇಳಿದೆ.

“ಹೆಸ್ರು ಇರ್ಲಿ,” ಎಂದಳು. “ಆದ್ರೆ ಎರಡ್ ಕಡೆ ‘ಪಾಪ’ ಅಂತ ಬರ್ದಿದೀಯಲ್ಲ, ಅದನ್ನ ತೆಗಿ.”

ತೆಗೆದಿದ್ದೇನೆ.

ಇಂತಿ,
ಯಾವ ಹೊತ್ತಿನಲ್ಲೂ ಲಿಫ್ಟಿನಲ್ಲಿ ಧಾರಾಳ ಜಾಗ ಸಿಗುವ ಮನೆಯ
ಪದ್ಮನಾಭ