ಟಿಕೆಟ್ ಇಲ್ಲದವರು ಇಳೀರಿ

ಮನೆಯಿಂದ, ಗುರುವಾರ
ಮಳೆಯ ಆರನೆಯ ದಿನ

ಪ್ರೀತಿಯ ಮಗಳೇ,

ನಾನೊಂದು ಅಪರಾಧ ಮಾಡಿದ್ದೇನೆ. ನಿನ್ನ ಮೇಜಿನ ಡ್ರಾಯರಿನಲ್ಲಿದ್ದ ನೂರು ವಿಸಿಟಿಂಗ್ ಕಾರ್ಡುಗಳಿಗೂ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ತೂತು ಹೊಡೆದಿದ್ದೇನೆ. ಅಪರಾಧ ಚಿಲ್ಲರೆಯದು, ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವನ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಹೇಗೆ? ಅದಿರಲಿ, ನೀನು ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಫಿಸಿಯೋಥೆರಪಿ ತರಬೇತಿಯಲ್ಲಿ ಕಂಡವರ ಬೆನ್ನು ನೀವುವುದನ್ನು ಕಲಿಯುತ್ತಾ ನಿನ್ನ ಬೆನ್ನನ್ನು ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ. ಅಳಿಯಂದಿರು ಬೆಳಿಗ್ಗೆ ಒಣಗಿ ಹೋಗುತ್ತಾರೆ, ಸಂಜೆ ನೆನೆದು ಬರುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿಗೆ ಎರಡು ಕಡೆ ಬಾಯಿ, ಕಾಗದಕ್ಕೆ ಒಂದೇ ಕಡೆ. ನನಗೆ ಅದೇ ಅನುಕೂಲ.

ಹೊರಡುವಾಗ ಬಾಗಿಲಲ್ಲಿ ನಿಂತು ಏನಂದೆ? "ಶಾಲೆಗೆ ಮಳೆ ರಜೆ ಅಪ್ಪಾ, ಮಕ್ಕಳಿಬ್ಬರನ್ನೂ ದಿನವಿಡೀ ಒಳಗೇ ಹಿಡಿದಿಡೋದು ನಿನ್ನ ಕೈಲಿ ಆಗಲ್ಲ. ಒಂದು ವಾರ ನೋಡ್ತೀನಿ. ಆಮೇಲೆ ಕೆಳಮನೆ ಟೀಚರ್ ಹತ್ತಿರ ಬಿಟ್ಟುಬಿಡೋಣ." ನನ್ನ ಕೈಲಿ ಆಗಲ್ಲ! ಐವತ್ತು ಸೀಟಿನ ಬಸ್ಸಿಗೆ ಎಂಬತ್ತು ಜನರನ್ನು ತುಂಬಿ, ಯಾರು ಯಾರ ಕಾಲು ತುಳಿದರೆಂದು ನಿಂತಲ್ಲೇ ತೀರ್ಪು ಕೊಟ್ಟ ಕೈ ಇದು. ಟೀಚರ್ ಒಳ್ಳೆಯವರೇ ಇರಬಹುದು, ಏಳೆಂಟು ಮಕ್ಕಳನ್ನು ನೋಡಿಕೊಳ್ಳುತ್ತಾರಂತೆ. ಆದರೆ ಅಲ್ಲಿ ಆಟಕ್ಕೂ ಟೈಮ್‌ಟೇಬಲ್ಲು: ಹತ್ತಕ್ಕೆ ಜೇಡಿಮಣ್ಣು, ಹನ್ನೊಂದಕ್ಕೆ ಹಾಡು. ನಗುವುದು ಎಷ್ಟು ಗಂಟೆಗೋ! ಅದಕ್ಕಿಂತ ಮುಖ್ಯವಾಗಿ, ಮೊಮ್ಮಕ್ಕಳು ಕೆಳಗೆ ಹೋದರೆ ಮೇಲಿನ ಈ ಮನೆಯಲ್ಲಿ ನಾನು ಯಾರು ಹೇಳು? ಇನ್ನೊಂದು ಕುರ್ಚಿ, ಅಷ್ಟೇ.

ಹಾಗಾಗಿ ಹಜಾರದಲ್ಲಿ ಬಸ್ಸು ಬಿಟ್ಟೆ. ಕುರ್ಚಿಗಳು ಎರಡು ಸಾಲು. ಚಿಕ್ಕವನು ಡ್ರೈವರ್, ಊಟದ ತಟ್ಟೆಯೇ ಸ್ಟಿಯರಿಂಗ್. ತಿರುವು ಇಲ್ಲದ ಕಡೆಯೂ ತಿರುಗಿಸುತ್ತಾನೆ. ಹಾರ್ನ್ ಬಾಯಲ್ಲೇ ಇರುವುದರಿಂದ ಕೆಡುವ ಭಯವಿಲ್ಲ, ದುರದೃಷ್ಟ. ದೊಡ್ಡವಳು ಕಂಡಕ್ಟರ್. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ, ಮೂರೂ ಕಡೆ ಸ್ಟಾಪು. ನಾಲ್ಕು ದಿಂಬು, ಒಂದು ಬಕೆಟ್ಟು, ನಾನು ಪ್ರಯಾಣಿಕರು. ಟಿಕೆಟ್ಟೇ ಆ ಕಾರ್ಡುಗಳು. ನಿನ್ನ ಮಗಳಿಗೆ ವೃತ್ತಿಧರ್ಮವನ್ನೂ ಕಲಿಸಿದೆ: "ಟಿಕೆಟ್ ಇಲ್ಲದವರು ಇಳೀರಿ. ಬಂಧುವಾದರೂ ಸರಿ, ಬಾಸ್ ಆದರೂ ಸರಿ." ಮದುವೆಯಾದ ಹೊಸದರಲ್ಲಿ ನಿನ್ನ ತಾಯಿಯ ಅಪ್ಪನನ್ನೇ ಅರ್ಧ ದಾರಿಯಲ್ಲಿ ಇಳಿಸಿದವನಲ್ಲವೇ ನಾನು! ನಿನ್ನ ಮಗಳು ಮೊದಲನೇ ದಿನವೇ ಒಂದು ದಿಂಬನ್ನು ಕತ್ತು ಹಿಡಿದು ಇಳಿಸಿದಳು. ಎದೆ ತುಂಬಿ ಬಂತು ಕಣಮ್ಮಾ.

ಆರು ದಿನವಾಯಿತು, ಟಿವಿಯ ಮೇಲಿನ ಬಟ್ಟೆ ಸರಿದಿಲ್ಲ, ಯಾರ ಸಹಾಯವನ್ನೂ ಕೇಳಿಲ್ಲ. ಆದ್ದರಿಂದ ಕಡ್ಡಿ ಮುರಿದಂತೆ ಹೇಳುತ್ತೇನೆ: ಮಳೆ ಆರು ತಿಂಗಳು ಹೊಯ್ಯಲಿ, ಮಕ್ಕಳು ನನ್ನ ಹತ್ತಿರವೇ ಇರುತ್ತಾರೆ. ಇದರಲ್ಲಿ ಚರ್ಚೆಯಿಲ್ಲ.

ನಿನ್ನ ಬೆನ್ನು ನೆಟ್ಟಗಿರಲಿ, ಹಟ ಸ್ವಲ್ಪ ಬಾಗಲಿ ಎಂದು ಹರಸುವ,
ನಿನ್ನ ಅಪ್ಪ
(ನಿವೃತ್ತ, ಆದರೆ ನಿಲುಗಡೆ ಇಲ್ಲ)

ತಾ.ಕ.: ಅಳಿಯಂದಿರು ಲಕೋಟೆ ಹಿಡಿದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಾನು ಹೇಳದಿದ್ದರೆ ಅವರು ಹೇಳುತ್ತಾರೆ. ನಿನ್ನೆ ಟಿಕೆಟ್ ತೆಗೆದುಕೊಳ್ಳುವುದು ಮರೆತೆ. ದೊಡ್ಡವಳು ನನ್ನನ್ನು ಇಳಿಸಿದಳು, ಮುಂಬಾಗಿಲಿನಿಂದ ಆಚೆಗೆ, ಬನಿಯನ್ನಿನಲ್ಲಿ, ಚಿಲಕವನ್ನೂ ಹಾಕಿದಳು. ಎಷ್ಟು ಗೋಗರೆದರೂ ಒಳಗಿನಿಂದ ಒಂದೇ ಮಾತು: "ರೂಲ್ಸು ರೂಲ್ಸೇ ಕಣ್ರೀ." ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಎರಚಲಿಗೆ ಒದ್ದೆಯಾದ ಮೇಲೆ ಕೆಳಮನೆ ಟೀಚರ್ ಬಂದರು. ಕಿಟಕಿಯಲ್ಲಿ ತಮಗೊಂದು, ನನಗೊಂದು ಟಿಕೆಟ್ ಕೇಳಿ ಪಡೆದು, ನನ್ನನ್ನು ಒಳಗೆ ಸೇರಿಸಿದರು. ಆಮೇಲೆ ಸಂಜೆಯವರೆಗೆ ಮಕ್ಕಳು ಅವರ ಸೆರಗು ಬಿಡಲಿಲ್ಲ. ನಾನು ಕೂತಲ್ಲೇ ನಿದ್ದೆಹೋದೆನಂತೆ. ಇವತ್ತು ಬೆಳಿಗ್ಗೆ ನಾನೇ ಕೆಳಗೆ ಹೋಗಿ ಸೋಮವಾರದಿಂದ ಬರುತ್ತೇವೆಂದು ಹೆಸರು ಬರೆಸಿ ಬಂದೆ. ಇಬ್ಬರದಲ್ಲ, ಮೂವರದು. ಮೂರನೆಯ ಹುಡುಗನ ವಯಸ್ಸೆಷ್ಟು ಎಂದು ಕೇಳಿದರು. ಅರವತ್ತಾರು ಅಂದೆ.